ಒಂದೇ ಸಾರು, ಆರು ಹುಳಿ

ನನಗೆ ಹುಳಿ ಆಗುವುದಿಲ್ಲ. ಮೂವತ್ತು ವರ್ಷದಿಂದ ಹೀಗೇ ಹೇಳಿಕೊಂಡು ಬಂದಿದ್ದೇನೆ. ಮದುವೆಮನೆಯಲ್ಲಿ ಸಾರಿನ ಬಕೆಟ್ ಹತ್ತಿರ ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇನೆ. ಕಾರವಾರದ ನಮ್ಮ ಮನೆಯಲ್ಲಿ ಅಮ್ಮ ಸಾರಿಗೆ ಹುಣಸೆರಸ ಬಿಡುವ ಮೊದಲೇ ಎರಡು ಸೌಟು ತೆಗೆದು ಒಂದು ಸಣ್ಣ ಪಾತ್ರೆಗೆ ಹಾಕಿಡುತ್ತಾಳೆ. ಅದು ನನ್ನ ಪಾತ್ರೆ. ಅದರ ಒಂದು ಕಿವಿ ಮುರಿದು ಎಷ್ಟೋ ವರ್ಷವಾಯಿತು. ಆದರೂ ಬದಲಾಗಿಲ್ಲ.

ಎರಡು ವರ್ಷದ ಹಿಂದೆ ನನಗೆ ಶಿರಸಿಗೆ ವರ್ಗವಾಯಿತು. ಹೆಂಡತಿಯ ಕೆಲಸ, ಮಗನ ಶಾಲೆ ಎರಡೂ ಕಾರವಾರದಲ್ಲಿ. ಹಾಗಾಗಿ ನಾನೊಬ್ಬನೇ ಘಟ್ಟ ಹತ್ತಿದೆ. ಶನಿವಾರ ಇಳಿಯುತ್ತೇನೆ, ಸೋಮವಾರ ಬೆಳಗ್ಗೆ ಹತ್ತುತ್ತೇನೆ. ಬಾಡಿಗೆಗೆ ಸಿಕ್ಕಿದ್ದು ಹವ್ಯಕರ ಮನೆಯ ಮಾಳಿಗೆ. ಮನೆ ಕೊಡುವಾಗಲೇ ಮಾತಾಗಿತ್ತು: ಮೇಲೆ ಮೀನು ಮಾಡುವ ಹಾಗಿಲ್ಲ. ಕಾರವಾರದವನಿಗೆ ಇದು ಸಣ್ಣ ಮಾತಲ್ಲ. ಆದರೆ ಬಾಡಿಗೆ ಕಡಿಮೆ, ಬಾವಿ ನೀರು ಚೆನ್ನಾಗಿತ್ತು. ಒಪ್ಪಿದೆ.

ಕೆಳಗಿನ ಮನೆಯ ಅಮ್ಮನಿಗೆ ಎಪ್ಪತ್ತು ದಾಟಿದೆ. ನನ್ನನ್ನು ‘ತಮಾ’ ಎಂದು ಕರೆಯುತ್ತಾರೆ. ಒಂದು ದಿನ ಮೇಲೆ ಬಂದವರು ನನ್ನ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ರುಚಿ ನೋಡಿದರು.

“ಇದು ಬೇಳೆ ತೊಳೆದ ನೀರು ತಮಾ. ಸಾರಲ್ಲ.”

“ನನಗೆ ಹುಳಿ ಆಗೋದಿಲ್ಲ ಅಮ್ಮ.”

“ಯಾವ ಹುಳಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಳಿ ಅಂದರೆ ಹುಳಿ. ಅದರಲ್ಲಿ ಯಾವುದು ಅಂತ ಬೇರೆ ಇರುತ್ತದೆಯೇ? ಅವರು ಬೆರಳು ಮಡಚುತ್ತಾ ಹೋದರು. ಹುಣಸೆ, ವಾಟೆ, ಮುರುಗಲು, ಉಪ್ಪಾಗೆ, ಬಿಂಬಲ, ಲಿಂಬು, ಕಂಚಿ, ಮಿಡಿ, ಮಜ್ಜಿಗೆ. ಒಂದು ಕೈ ಮುಗಿದು ಇನ್ನೊಂದಕ್ಕೆ ಬಂದಾಗ ನಾನು ಸೋತೆ ಅಂದೆ. ಅವರು ಕೆಳಗಿಳಿದು ಹೋದರು. ಆ ಪ್ರಶ್ನೆ ಮಾತ್ರ ಮೇಲೆಯೇ ಉಳಿಯಿತು.

ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಅನುಮಾನ ಬಂದರೆ ಕೋಷ್ಟಕ ಹಾಕದೆ ನಿದ್ದೆ ಬರುವುದಿಲ್ಲ. ಸಣ್ಣ ತೂಕದ ಮಷಿನ್ ಒಂದು ತಂದೆ. ನಿಯಮ ಹೀಗೆ: ತೊಗರಿಬೇಳೆ 50 ಗ್ರಾಂ, ಕೊನೆಗೆ ಸಾರು ಮುಕ್ಕಾಲು ಲೀಟರ್ ಆಗಬೇಕು. ಒಂದೇ ಡಬ್ಬಿಯ ಸಾರಿನಪುಡಿ ಎರಡು ಚಮಚ. ಟೊಮೆಟೊ ಇಲ್ಲ, ಯಾಕೆಂದರೆ ಅದೂ ಹುಳಿಯೇ. ಒಗ್ಗರಣೆಗೆ ಕೊಬ್ಬರಿ ಎಣ್ಣೆ, ಸಾಸಿವೆ, ಇಂಗು, ಕರಿಬೇವು. ಬದಲಾಗುವುದು ಹುಳಿ ಒಂದೇ. ವಾರಕ್ಕೊಂದು ಹುಳಿ. ಮಂಗಳವಾರ ಶಿರಸಿ ಸಂತೆ, ಅವತ್ತು ಸಾಮಾನು ತರುವುದು. ಬುಧವಾರ, ಗುರುವಾರ ಪ್ರಯೋಗ. ಮಧ್ಯಾಹ್ನ ಒಮ್ಮೆ ಉಣ್ಣುವುದು, ರಾತ್ರಿ ಅದೇ ಸಾರನ್ನು ಮತ್ತೆ ಕುದಿಸಿ ಉಣ್ಣುವುದು. ಫ್ರಿಜ್ ಇಲ್ಲದವನ ಮನೆಯಲ್ಲಿ ರಾತ್ರಿಯ ಸಾರೇ ನಿಜವಾದ ಪರೀಕ್ಷೆ.

ತೀರ್ಪುಗಾರರು ಇಬ್ಬರು, ನಾನು ಮತ್ತು ಕೆಳಗಿನ ಅಮ್ಮ. ಅವರಿಗೆ ಒಂದು ಲೋಟ ಕೊಟ್ಟು ಬರುತ್ತಿದ್ದೆ. ಶಿರಸಿ ಕಡೆ ಹೊಗಳಿಕೆ ಅಂದರೆ ‘ಅಡ್ಡಿಲ್ಲ’. ಅದಕ್ಕಿಂತ ಮೇಲೆ ಯಾರೂ ಹೋಗುವುದಿಲ್ಲ. ಆದರೆ ಆ ಒಂದೇ ಪದದಲ್ಲಿ ಹತ್ತು ಮೆಟ್ಟಿಲು ಇವೆ ಎಂದು ನನಗೆ ತಿಳಿಯಲು ಎರಡು ವಾರ ಬೇಕಾಯಿತು. ಗಿಡ್ಡಾಗಿ ‘ಅಡ್ಡಿಲ್ಲ’ ಅಂದರೆ ಪಾಸಾಯಿತು ಅಷ್ಟೇ. ‘ಅಡ್ಡಿಲ್ಲಾ…’ ಎಂದು ಎಳೆದರೆ ಬಿಸಾಡು ಎಂದರ್ಥ. ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಆಮೇಲೆ ‘ಅಡ್ಡಿಲ್ಲ’ ಅಂದರೆ ಅದು ಮೊದಲ ದರ್ಜೆ.

ಮೊದಲು ಹುಣಸೆ, ಏಕೆಂದರೆ ಆರೋಪಿ ಅದೇ. 12 ಗ್ರಾಂ ಬೀಜ ತೆಗೆದ ಹಣ್ಣು, ಬಿಸಿನೀರಿನಲ್ಲಿ ಕಾಲು ಗಂಟೆ, ಕಿವುಚಿ, ಸೋಸಿ ಹಾಕಿದೆ. ಮಧ್ಯಾಹ್ನ ಉಂಡೆ. ಆಶ್ಚರ್ಯ, ಏನೂ ಆಗಲಿಲ್ಲ. ಚೆನ್ನಾಗಿಯೇ ಇತ್ತು. ಸಾರಿಗೆ ಒಂದು ಮೈ ಬಂದಿತ್ತು. ಬೇರೆ ಯಾವ ಹುಳಿಯೂ ಸಾರನ್ನು ಹಾಗೆ ಹಿಡಿದು ನಿಲ್ಲಿಸುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ರಾತ್ರಿ ಮತ್ತೆ ಕುದಿಸಿ ಉಂಡೆ. ಆಗ ಬಂತು ನೋಡಿ, ಮೂವತ್ತು ವರ್ಷದ ಹಳೆಯ ಪರಿಚಯ. ಹಲ್ಲು ಚುಳ್ ಎಂದಿತು. ನಾಲಿಗೆಯ ಹಿಂಭಾಗದಲ್ಲಿ ಒಂದು ಕಪ್ಪು ರುಚಿ ಕೂತುಬಿಟ್ಟಿತು. ‘ಸರಿಯೇ ಇದೆ, ನನಗೆ ಹುಳಿ ಆಗುವುದಿಲ್ಲ’ ಎಂದು ಪುಸ್ತಕದಲ್ಲಿ ಬರೆದೆ. ಸ್ವಲ್ಪ ಸಮಾಧಾನವೂ ಆಯಿತು. ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳಾದರೆ ಯಾರಿಗೆ ಬೇಕು?

ಕೆಳಗಿನ ಅಮ್ಮ ಗಿಡ್ಡ ‘ಅಡ್ಡಿಲ್ಲ’ ಕೊಟ್ಟರು. ಜೊತೆಗೆ ಒಂದು ಮಾತು: “ಇದು ನಮ್ಮ ಕಡೆ ಹುಳಿ ಅಲ್ಲ, ಬಯಲುಸೀಮೆದು.” ಹೌದು. ಇಲ್ಲಿ ಅಂಗಡಿಗೆ ಹುಣಸೆ ಹಾನಗಲ್ಲು, ಹಾವೇರಿ ಕಡೆಯಿಂದ ಬರುತ್ತದೆ. ಇಷ್ಟು ಮಳೆ ಬೀಳುವ ಊರಲ್ಲಿ ಆ ಮರ ಅಷ್ಟು ಚೆನ್ನಾಗಿ ಫಲ ಕೊಡುವುದಿಲ್ಲ. ಈ ಜಿಲ್ಲೆಯ ಅಡುಗೆಮನೆಯಲ್ಲಿ ಇಷ್ಟೊಂದು ಬಗೆಯ ಹುಳಿ ಯಾಕೆ ಎಂಬುದಕ್ಕೆ ಇದೂ ಒಂದು ಕಾರಣ. ಇಲ್ಲದ್ದನ್ನು ಕೊಳ್ಳುವ ಬದಲು ಕಾಡಲ್ಲಿ ಇದ್ದದ್ದನ್ನು ಒಣಗಿಸಿದರು.

ಹಾಗೆ ಒಣಗಿಸಿದ ಒಂದು ಹುಳಿ ವಾಟೆ. ಮೊದಲ ಸಲ ನೋಡಿದಾಗ ಯಾರೋ ಬಡಗಿ ಬಿಟ್ಟುಹೋದ ಚಕ್ಕೆ ಅಂದುಕೊಂಡೆ. ವಾಟೆಮರ ಹಲಸಿನ ದಾಯಾದಿ. ಹಣ್ಣು ಅಂಕುಡೊಂಕು, ಮುಷ್ಟಿಯಷ್ಟು. ಬಲಿತ ಕಾಯಿಯನ್ನು ಹೋಳು ಮಾಡಿ ಬೇಸಗೆಯ ಬಿಸಿಲಲ್ಲಿ ಒಣಗಿಸುತ್ತಾರೆ. ಚೆನ್ನಾಗಿ ಒಣಗಿದರೆ ವರ್ಷಗಟ್ಟಲೆ ಇರುತ್ತದೆ. ಕೆಳಗಿನ ಮನೆಯಲ್ಲಿ ಗಾಜಿನ ಭರಣಿಯಲ್ಲಿ ಇಟ್ಟಿದ್ದಾರೆ.

ವಾಟೆಯ ಮೊದಲ ದಿನ ನಾನು ಮಾಡಿದ ಎಡವಟ್ಟು ಹೇಳಲೇಬೇಕು. ನೆನೆಸುವ ತಾಪತ್ರಯ ಯಾಕೆ ಎಂದು ಐದು ಹೋಳನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕಿದೆ. ನಾಲ್ಕು ಸೀಟಿ. ಮುಚ್ಚಳ ತೆಗೆದರೆ ಬೇಳೆ ಹಾಕಿದ ಹಾಗೇ ಕೂತಿದೆ. ಇನ್ನೂ ನಾಲ್ಕು ಸೀಟಿ. ಒಂದೊಂದು ಕಾಳೂ ನನ್ನನ್ನೇ ನೋಡುತ್ತಿತ್ತು. ಅಂಗಡಿಯವನಿಗೆ ಮನಸ್ಸಿನಲ್ಲೇ ಬೈದೆ. ಪಾಪ, ಅವನದ್ದೇನೂ ತಪ್ಪಿಲ್ಲ. ಹುಳಿ ಇರುವ ನೀರಲ್ಲಿ ಬೇಳೆಯೊಳಗಿನ ಪೆಕ್ಟಿನ್ ಬೇಗ ಕರಗುವುದಿಲ್ಲ, ಕಾಳು ಬಿಗಿಯಾಗಿಯೇ ಉಳಿಯುತ್ತದೆ. ಅಡುಗೆ ಮಾಡುವ ಹೆಂಗಸರಿಗೆಲ್ಲ ಗೊತ್ತಿರುವ ವಿಷಯ. ಬೇಳೆ ಬೆಂದ ಮೇಲೆ ಹುಳಿ, ಅದಕ್ಕೆ ಮೊದಲು ಅಲ್ಲ. ಕೆಳಗಿನ ಅಮ್ಮ ಆ ಕಾಳುಗಳನ್ನು ನೋಡಿ “ಕೋಸಂಬರಿ ಮಾಡಿದ್ಯ?” ಎಂದು ಕೇಳಿದರು.

ಮರುದಿನ ನಿಯಮ ಪ್ರಕಾರ ಮಾಡಿದೆ. 8 ಗ್ರಾಂ ಹೋಳು, ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ, ಸಣ್ಣ ಜಾರಿನಲ್ಲಿ ರುಬ್ಬಿ, ಬೆಂದ ಬೇಳೆಗೆ ಸೇರಿಸಿದೆ. ಇದು ಬೇರೆಯದೇ ಲೋಕ. ಹುಳಿ ಇದೆ, ಆದರೆ ಅದು ಮೊದಲು ಬಂದು ಬೇಗ ಹೋಗಿಬಿಡುತ್ತದೆ. ಹಿಂದೆ ಏನನ್ನೂ ಬಿಡುವುದಿಲ್ಲ. ಬಣ್ಣ ಬದಲಾಗುವುದಿಲ್ಲ, ಬೇಳೆಯ ಹಳದಿ ಹಾಗೇ. ಇಂಗಿನ ಪರಿಮಳ, ಕರಿಬೇವಿನ ಪರಿಮಳ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಹುಣಸೆ ಹಾಕಿದರೆ ಅದೇ ಯಜಮಾನ, ಉಳಿದವರೆಲ್ಲ ಆಳುಗಳು. ವಾಟೆ ಹಾಗಲ್ಲ, ಪಂಕ್ತಿಯಲ್ಲಿ ಎಲ್ಲರ ಜೊತೆ ಕೂರುತ್ತದೆ. ರಾತ್ರಿ ಮತ್ತೆ ಕುದಿಸಿದೆ. ಸ್ವಲ್ಪ ಗಟ್ಟಿಯಾಗಿತ್ತು, ಆದರೆ ಚುಚ್ಚಲಿಲ್ಲ. ಎರಡು ಸಲ ಅನ್ನ ಹಾಕಿಕೊಂಡೆ. ಪುಸ್ತಕ ತೆಗೆದು ‘ನನಗೆ ಹುಳಿ ಆಗುವುದಿಲ್ಲ’ ಎಂಬ ವಾಕ್ಯದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಕೆಳಗಿನ ಅಮ್ಮ ಲೋಟ ಖಾಲಿ ಮಾಡಿದರು. ಬಾಯಿ ಒರೆಸಿಕೊಂಡರು. “ಅಡ್ಡಿಲ್ಲ. ಇನ್ನೊಂದ್ಸೊಲ್ಪ ಇದ್ರೆ ಕೊಡು” ಅಂದರು.

ಮೂರನೆಯದು ಮುರುಗಲು, ಅಂದರೆ ಕೋಕಂ. ಇದರಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಾರವಾರದಲ್ಲಿ ಇದು ಮನೆಯ ಹುಳಿ. ನಾವು ಒಣಸಿಪ್ಪೆಗೆ ಸೋಲಾಂ ಅನ್ನುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಬರುತ್ತದೆ. ಮಳೆ ಹಿಡಿಯುವುದರೊಳಗೆ ಸಿಪ್ಪೆ ಒಣಗಿಸಿ ಮುಗಿಸಬೇಕು. ಒಣಗುತ್ತಿರುವ ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಮತ್ತೆ ಬಿಸಿಲಿಗೆ ಹಾಕುತ್ತಾರೆ, ಉಪ್ಪೂ ಹಾಕುತ್ತಾರೆ. ಬೀಜದಿಂದ ತುಪ್ಪದ ಹಾಗೆ ಹೆಪ್ಪುಗಟ್ಟುವ ಎಣ್ಣೆ ಬರುತ್ತದೆ, ಹಿಮ್ಮಡಿ ಒಡೆದವರಿಗೆ ಹಚ್ಚಲು. ಮನೆಯಲ್ಲಿ ಪ್ರತಿ ಬೇಸಗೆಯೂ ಅಂಗಳದ ತುಂಬ ಕೆಂಪು ಸಿಪ್ಪೆ, ನಮ್ಮೆಲ್ಲರ ಅಂಗಾಲೂ ಕೆಂಪು.

ಮುರುಗಲಿನ ದೊಡ್ಡ ಗುಣ ಅಂದರೆ ಅದಕ್ಕೆ ಏನೂ ಮಾಡಬೇಕಾಗಿಲ್ಲ. ನೆನೆಸಬೇಡ, ಕಿವುಚಬೇಡ, ಸೋಸಬೇಡ. ಆರು ಸಿಪ್ಪೆ ತೊಳೆದು ಕುದಿಯುವ ಸಾರಿಗೆ ಹಾಕು, ಐದು ನಿಮಿಷ ಬಿಡು, ತೆಗೆ. ನನ್ನಂಥವನಿಗೇ ಮಾಡಿಸಿದ ಹಾಗಿದೆ. ಇಲ್ಲಿ ಇನ್ನೊಂದು ಸತ್ಯವೂ ಹೊರಗೆ ಬಿತ್ತು. ನನ್ನ ಕೋಷ್ಟಕದಲ್ಲಿ ‘ನೆನೆಸುವ ಸಮಯ’ ಎಂಬ ಸಾಲಿಗೆ ನಾನು ರುಚಿಗಿಂತ ಹೆಚ್ಚು ಅಂಕ ಇಟ್ಟಿದ್ದೆ. ನಾನು ತಾಳ್ಮೆಯ ಮನುಷ್ಯ ಎಂದು ಆಫೀಸಿನಲ್ಲಿ ಹೆಸರಿದೆ. ಕಾಲು ಗಂಟೆ ಹುಣಸೆ ನೆನೆಯಲು ಕಾಯದವನು ಎಂಥ ತಾಳ್ಮೆಯವನು?

ಆದರೆ ಸಾರಾಗಿ ಮುರುಗಲು ಸೋತಿತು. ಬೇಳೆಯ ಹಳದಿ, ಸಿಪ್ಪೆಯ ಕೆಂಪು ಸೇರಿ ಗೋಡೆಗೆ ಬಳಿದ ಕಾವಿಯ ಬಣ್ಣ ಬಂತು. ಸಿಪ್ಪೆಯನ್ನು ತೆಗೆಯಲು ಮರೆತೆ, ರಾತ್ರಿ ಕುದಿಸಿದಾಗ ಒಗರು ಬಿಟ್ಟಿತು. ಸಿಪ್ಪೆಯಲ್ಲೇ ಉಪ್ಪಿರುತ್ತದೆ ಎಂಬುದನ್ನೂ ಮರೆತಿದ್ದೆ. ಬೇಳೆ ಬೇಡ, ತೆಂಗಿನಹಾಲು ಬೇಕು ಇದಕ್ಕೆ. ಶುಕ್ರವಾರ ನಿಯಮ ಮುರಿದು ಸೋಲ್ಕಡಿ ಮಾಡಿದೆ: ಸಿಪ್ಪೆ ನೆನೆಸಿದ ನೀರು, ದಪ್ಪ ತೆಂಗಿನಹಾಲು, ಒಂದೆರಡು ಹಸಿಮೆಣಸು, ಉಪ್ಪು. ಊರಲ್ಲಾದರೆ ಬೆಳ್ಳುಳ್ಳಿಯೂ ಬೀಳುತ್ತದೆ. ಕೆಳಗಿನ ಅಮ್ಮ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಹಾಗಾಗಿ ಬಿಟ್ಟೆ. ಗುಲಾಬಿ ಬಣ್ಣದ ಲೋಟ ನೋಡಿ ಅವರು “ಇದು ಕುಡಿಯೂದಾ, ಕನ್ನಡಿ ಮುಂದೆ ಇಡೂದಾ?” ಎಂದರು. ಕುಡಿದರು. ಒಳ್ಳೆ ‘ಅಡ್ಡಿಲ್ಲ’ ಬಂತು.

ಆ ದಿನ ಅಂಗಿಯ ಮೇಲೆ ಚೆಲ್ಲಿಕೊಂಡೆ. ಸೋಪು ಹಚ್ಚಿದ ಕೂಡಲೇ ಕೆಂಪು ಕಲೆ ನೀಲಿಯಾಯಿತು. ಗಾಬರಿಯಾಗಿ ಹೆಂಡತಿಗೆ ಫೋನ್ ಮಾಡಿದರೆ, “ನೀವು ಕಾರವಾರದವರೇ ಹೌದಾ?” ಎಂದು ಕೇಳಿದಳು. ಮುರುಗಲಿನ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರ ತಾಗಿದರೆ ನೀಲಿ. ನಲವತ್ತೈದು ವರ್ಷ ಕೆಂಪು ಅಂಗಾಲಲ್ಲಿ ಓಡಾಡಿದವನಿಗೆ ಇದು ಗೊತ್ತಿರಲಿಲ್ಲ. ಅಂಗಿ ಒಗೆದದ್ದೇ ಇಲ್ಲ ಎಂದು ಇದರಿಂದ ಯಾರಾದರೂ ತೀರ್ಮಾನಿಸಿದರೆ ನಾನು ವಾದಿಸುವುದಿಲ್ಲ.

ಲಿಂಬುವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಲೆ ಆರಿಸಿ ಹಿಂಡಿದರೆ ಮಧ್ಯಾಹ್ನ ಸ್ವರ್ಗ, ರಾತ್ರಿ ಮತ್ತೆ ಕುದಿಸಿದರೆ ಕಹಿ. ಒಬ್ಬನೇ ಇರುವವನು ಒಂದು ಹೊತ್ತಿಗೆ ಎಂದು ಸಾರು ಮಾಡುವುದಿಲ್ಲ. ಕಂಚಿಕಾಯಿಯ ಗೊಜ್ಜು ಚೆಂದ, ಸಾರಿಗೆ ಅದನ್ನು ಎಳೆಯುವುದು ಬೇಡ.

ಬಿಂಬಲದ ಕಥೆ ಬಸ್ಸಿನಲ್ಲೇ ಮುಗಿಯಿತು ಅನ್ನಬಹುದು. ನಮ್ಮ ಕಾರವಾರದ ಹಿತ್ತಲಲ್ಲಿ ಒಂದು ಮರವಿದೆ. ಕಾಯಿ ಬಿಡುವುದು ಕಾಂಡಕ್ಕೇ ಅಂಟಿಕೊಂಡು, ಗೊಂಚಲು ಗೊಂಚಲಾಗಿ. ಸೋಮವಾರ ಬೆಳಗ್ಗೆ ಒಂದು ಕಿಲೋ ಚೀಲಕ್ಕೆ ತುಂಬಿಕೊಂಡು ಬಸ್ ಹತ್ತಿದೆ. ಕಾರವಾರದಿಂದ ಶಿರಸಿ ಸುಮಾರು 120 ಕಿಲೋಮೀಟರ್. ಅಂಕೋಲಾ, ಕುಮಟಾವರೆಗೆ ಪರವಾಗಿಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ಚೀಲದ ಮೇಲೆ ಯಾರದೋ ಅಕ್ಕಿಮೂಟೆ ಬಂದು ಕೂತಿತು. ಬಿಂಬಲ ಅಂದರೆ ತೆಳು ಸಿಪ್ಪೆಯೊಳಗೆ ಬರೀ ನೀರು. ಶಿರಸಿಯಲ್ಲಿ ಇಳಿಯುವಾಗ ನನ್ನ ಪ್ಯಾಂಟಿನ ಒಂದು ಕಾಲು ಒದ್ದೆ, ಕಂಡಕ್ಟರ್ ಮುಖ ಹುಳಿ.

ಉಳಿದ ಹತ್ತು ಕಾಯಿಯಲ್ಲಿ ನಾಲ್ಕು ಹಾಕಿ ಸಾರು ಮಾಡಿದೆ. ಹಸಿ ಹುಳಿ, ಘಾಟು, ಹೋಳು ಬಾಯಿಗೆ ಸಿಕ್ಕಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ನನಗೆ ಹಿಡಿಸಿತು. ಆದರೆ ಇದರಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ, ಮೂತ್ರಪಿಂಡದ ತೊಂದರೆ, ಕಲ್ಲಿನ ತೊಂದರೆ ಇದ್ದವರು ದೂರ ಇಡಬೇಕು. ಎರಡು ಮೂರು ದಿನಕ್ಕೆ ಕೊಳೆಯುತ್ತದೆ ಕೂಡ. ಹಿತ್ತಲಲ್ಲಿ ಮರ ಇದ್ದವರ ಹುಳಿ ಇದು, ಬಸ್ ಹತ್ತುವವರದ್ದಲ್ಲ.

ಕೊನೆಗೆ ಉಪ್ಪಾಗೆ. ಇದರ ಹಣ್ಣು ಬರುವುದು ಜಡಿಮಳೆಯಲ್ಲಿ. ಬಿಸಿಲೇ ಇಲ್ಲದ ಕಾಲದಲ್ಲಿ ಒಣಗಿಸುವುದು ಹೇಗೆ? ಬೆಂಕಿಯ ಮೇಲಿನ ಅಟ್ಟದಲ್ಲಿ, ಹೊಗೆಯಲ್ಲಿ. ಅದಕ್ಕೇ ಕಪ್ಪು, ಅದಕ್ಕೇ ಆ ವಾಸನೆ. 1990ರ ದಶಕದಲ್ಲಿ ಇದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆ ಎಂಬ ಸುದ್ದಿ ಎದ್ದು, ಪರದೇಶದ ಮಾತ್ರೆ ಕಂಪನಿಗಳಿಗೆ ಬೇಕಾಯಿತು. ಬೆಲೆ ಏರಿತು. ಬಲಿಯುವ ಮೊದಲೇ ಕಾಯಿ ಕೊಯ್ಯುವ ಪೈಪೋಟಿ ಶುರುವಾಯಿತು. ಒಣಗಿಸಲು ಕಾಡಿನ ಸೌದೆ ರಾಶಿ ರಾಶಿ ಉರಿಯಿತು. ಕೆಳಗಿನ ಅಮ್ಮ ಆ ಕಾಲವನ್ನು ನೆನೆಸಿಕೊಂಡು, “ಮನುಷ್ಯರು ತೆಳ್ಳಗಾದ್ರೋ ಇಲ್ವೋ, ಮರ ತೆಳ್ಳಗಾದ್ವು” ಎಂದರು. ನನ್ನ ವಿಷಯದಲ್ಲಿ ಹೇಳುವುದಾದರೆ, ಉಪ್ಪಾಗೆಯ ವಾರ ನನ್ನ ತೂಕ ಅರ್ಧ ಕಿಲೋ ಏರಿತು. ಹುಳಿ ಜಾಸ್ತಿಯಾಯಿತೆಂದು ಅನ್ನ ಜಾಸ್ತಿ ಹಾಕಿಕೊಂಡಿದ್ದೆ.

ಒಂದೇ ಒಂದು ತುಂಡು ಸಾಕು ಎಂದು ಅವರು ಹೇಳಿದ್ದರು. ನಾನು ಕೋಷ್ಟಕದ ಮರ್ಯಾದೆಗೆ 8 ಗ್ರಾಂ ತೂಗಿ ಹಾಕಿದೆ. ಸಾರಿಗೆ ಬಚ್ಚಲೊಲೆಯ ಹೊಗೆ ಹತ್ತಿದಂತಾಯಿತು. ಎಳೆದ ‘ಅಡ್ಡಿಲ್ಲಾ…’ ಬಂತು, ಅದೂ ಒಂದೇ ಗುಟುಕಿಗೆ. ಜೋನಿಬೆಲ್ಲ ಸುರಿದೆ. ಇನ್ನೂ ಸುರಿದೆ. ಬಾಟಲಿ ಖಾಲಿಯಾಯಿತು. ಆಗ ಪುಸ್ತಕದ ಹಿಂದಿನ ಪುಟ ತಿರುವಿದರೆ, ಪ್ರತಿ ವಾರವೂ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಬೆಲ್ಲ ಸ್ವಲ್ಪ’ ಎಂದು ಬರೆದಿದ್ದೆ. ಒಂದು ಕಿಲೋ ಜೋನಿಬೆಲ್ಲ ಆರು ವಾರದಲ್ಲಿ ‘ಸ್ವಲ್ಪ ಸ್ವಲ್ಪ’ ಆಗಿ ಹೋಗಿತ್ತು. ನಿಯಮದಲ್ಲಿ ಬೆಲ್ಲ ಇರಲೇ ಇಲ್ಲ! ಲೆಕ್ಕಪತ್ರದವನ ಪ್ರಯೋಗ ಇದು.

ಉಪ್ಪಾಗೆಗೆ ಅನ್ಯಾಯ ಆಗಬಾರದು ಎಂದು ಉಳಿದ ತುಂಡುಗಳನ್ನು ಶನಿವಾರ ಕಾರವಾರಕ್ಕೆ ಒಯ್ದೆ. ಅಮ್ಮ ಮೂಸಿ ನೋಡಿ ದೂರ ಇಟ್ಟಳು. ನಾನು ಪಟ್ಟು ಹಿಡಿದೆ. ಹೆಂಡತಿ ಬಾಂಗಡೆ ಸಾರನ್ನು ಎರಡು ಪಾತ್ರೆಯಲ್ಲಿ ಮಾಡಿದಳು. ಒಂದಕ್ಕೆ ಎಂದಿನಂತೆ ಸೋಲಾಂ, ಇನ್ನೊಂದಕ್ಕೆ ಒಂದೇ ತುಂಡು ಉಪ್ಪಾಗೆ. ಎರಡಕ್ಕೂ ತೆಂಗಿನಕಾಯಿ, ಒಣಮೆಣಸು, ಮೀನಿಗೆ ಹಾಕುವ ಘಮದ ಕಾಯಿ ತೆಪ್ಪಳ. ಇಲ್ಲಿ ಆಟ ತಿರುಗಿತು. ಬೇಳೆಯಲ್ಲಿ ಗಬ್ಬೆದ್ದ ಆ ಹೊಗೆ ಬಾಂಗಡೆಯ ಎಣ್ಣೆ ಜೊತೆ ಸೇರಿ ಏನೋ ಆಗಿಬಿಟ್ಟಿತ್ತು. ಕೇರಳದವರು ಮೀನಿಗೆ ಇದನ್ನೇ ಕುಡಂಪುಳಿ ಎಂದು ಹಾಕುತ್ತಾರಲ್ಲ, ಅವರಿಗೆ ಗೊತ್ತಿದೆ. ಆದರೂ ನನ್ನ ಮತ ಸೋಲಾಂಗೆ. ಮೊದಲೇ ಹೇಳಿದೆ, ನಾನು ನಿಷ್ಪಕ್ಷಪಾತಿ ಅಲ್ಲ.

ಉಂಡು ಮುಗಿಸಿ ಸಾರಿನಲ್ಲಿದ್ದ ಸೋಲಾಂ ತುಂಡನ್ನು ಬಾಯಿಗಿಟ್ಟು ಚೀಪುತ್ತಾ ಕೂತಿದ್ದೆ. ಹೆಂಡತಿ ಬಟ್ಟಲು ತೆಗೆಯುತ್ತಾ ನಿಂತಳು.

“ಹುಳಿ ಆಗೋದಿಲ್ಲ ಅಲ್ವಾ ನಿಮಗೆ?”

ನಾನು ಚೀಪುವುದನ್ನು ನಿಲ್ಲಿಸಿದೆ.

“ಮದುವೆಯಾದಾಗಿಂದ ನೋಡ್ತಾ ಇದ್ದೇನೆ. ಮೀನು ಸಾರಿನ ಸೋಲಾಂ ಒಂದೂ ಬಿಡೋದಿಲ್ಲ. ಅದೇನು ಸಕ್ಕರೆ ಮಿಠಾಯಿಯಾ?”

ಆ ರಾತ್ರಿ ಯೋಚಿಸಿದೆ. ಹಾಗಾದರೆ ಮೂವತ್ತು ವರ್ಷ ನಾನು ದೂರ ಇಟ್ಟದ್ದು ಯಾವುದನ್ನು? ಪುಸ್ತಕದ ಮೊದಲ ಪುಟದಲ್ಲೇ ಉತ್ತರ ಇತ್ತು. ಹುಣಸೆ, ಮಧ್ಯಾಹ್ನ: ಚೆನ್ನಾಗಿದೆ. ಹುಣಸೆ, ರಾತ್ರಿ: ಚುಳ್. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲ, ಕುದಿಸಿದರೆ ಅದು ಹಾರಿಹೋಗುವುದಿಲ್ಲ. ನೀರು ಹೋಗುತ್ತದೆ, ಹುಳಿ ಉಳಿಯುತ್ತದೆ. ಸಾರನ್ನು ಎಷ್ಟು ಸಲ ಕುದಿಸುತ್ತೀರೋ ಅಷ್ಟು ಗಡುಸು. ಕಾಲೇಜಿನ ದಿನಗಳಲ್ಲಿ ನಾನು ಕ್ರಿಕೆಟ್ ಆಡಿ, ಕಡಲ ದಂಡೆಯಲ್ಲಿ ಹರಟೆ ಹೊಡೆದು, ಎಲ್ಲರೂ ಉಂಡು ಮಲಗುವ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಬೆಳಗ್ಗೆ ಮಾಡಿದ ಸಾರು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ನಾನು ಬಂದಾಗ ಮತ್ತೊಮ್ಮೆ ಕುದಿಯುತ್ತಿತ್ತು. ತಳದಲ್ಲಿ ಉಳಿದ ಆ ಎರಡು ಸೌಟು ನನ್ನ ಪಾಲು. ‘ಏನಮ್ಮ ಇಷ್ಟು ಹುಳಿ’ ಎಂದು ಒಮ್ಮೆ ಮುಖ ಕಿವುಚಿದ್ದಿರಬೇಕು. ಮರುದಿನದಿಂದ ಆ ಸಣ್ಣ ಪಾತ್ರೆ ಬಂತು. ನನಗೆ ಆಗದೇ ಇದ್ದದ್ದು ಹುಳಿ ಅಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಬರುವುದು.

ಈಗ ಶಿರಸಿಯ ಮಾಳಿಗೆಯಲ್ಲಿ ಲೆಕ್ಕ ಹೀಗಿದೆ. ದಿನದ ಸಾರಿಗೆ ವಾಟೆ. ಬೆಳಗ್ಗೆ ಚಹಾಕ್ಕೆ ನೀರಿಡುವಾಗಲೇ ನಾಲ್ಕು ಹೋಳು ನೆನೆಸಿಬಿಡುತ್ತೇನೆ, ಆಗ ಕಾಯುವ ಪ್ರಶ್ನೆಯೇ ಬರುವುದಿಲ್ಲ. ಬಿಸಿಲು ಜಾಸ್ತಿಯಾದ ದಿನ ಸೋಲ್ಕಡಿ. ತರಕಾರಿ ಹೋಳು ಹಾಕಿ ಸಾಂಬಾರಿನಂಥ ಹುಳಿ ಮಾಡುವ ದಿನ ಹುಣಸೆಯೇ, ಆ ಮೈ ಬೇರೆ ಯಾವುದರಿಂದಲೂ ಬರುವುದಿಲ್ಲ. ಆದರೆ ಒಂದೇ ಹೊತ್ತಿಗೆ ಆಗುವಷ್ಟು, ಮತ್ತೆ ಕುದಿಸುವುದಿಲ್ಲ. ಉಪ್ಪಾಗೆ ಬಾಂಗಡೆಯ ಜೊತೆ ಕಾರವಾರದಲ್ಲಿ ಇದೆ. ಬೆಲ್ಲದ ಬಾಟಲಿಯನ್ನು ಮೇಲಿನ ಹಲಗೆಗೆ ಏರಿಸಿದ್ದೇನೆ. ಸ್ಟೂಲ್ ಹಾಕಿಕೊಂಡು ದಿನಾ ಇಳಿಸುತ್ತೇನೆ, ಅದು ಬೇರೆ ವಿಷಯ.

ಪಂದ್ಯದ ಹೊರಗೆ ಒಂದು ಉಳಿಯಿತು, ಮಿಡಿಯ ಅಪ್ಪೆಹುಳಿ. ಕೆಳಗಿನ ಅಮ್ಮ ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿ ತೆಗೆದು, ಜಜ್ಜಿ, ನೀರಿಗೆ ಹಿಂಡಿ, ಸೂಜಿಮೆಣಸು ನುರಿದು, ಇಂಗಿನ ಒಗ್ಗರಣೆ ಕೊಟ್ಟು ಒಂದು ದೊಡ್ಡ ಲೋಟ ಕಳಿಸಿದ್ದರು. ಬೇಳೆ ಇಲ್ಲ, ಏನಿಲ್ಲ, ನೀರಿನಷ್ಟು ತೆಳು. ಮಾವಿನಸೊನೆಯ ಆ ಪರಿಮಳ ಮೂಗಿನಿಂದ ಇಳಿದು ಹೊಟ್ಟೆಗೆ ಹೋಗುತ್ತದೆ. ಇದನ್ನು ಕುಡಿದರೆ ನಿದ್ದೆ ಬರುತ್ತದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನಾನು ನಂಬದೆ ಎರಡು ಲೋಟ ಕುಡಿದು ಆಫೀಸಿಗೆ ಹೋದೆ. ಮೂರು ಗಂಟೆಗೆ ಸಾಹೇಬರು ನನ್ನ ಮೇಜಿನ ಮೇಲೆ ಪೆನ್ನಿನಿಂದ ತಟ್ಟಿ ಎಬ್ಬಿಸಿದರು. ಇದನ್ನು ಕೋಷ್ಟಕದಲ್ಲಿ ಯಾವ ಸಾಲಿಗೆ ಹಾಕುವುದು?

ಹೋದ ಭಾನುವಾರ ಕಾರವಾರದಲ್ಲಿದ್ದೆ. ಚೀಲದಲ್ಲಿ ಅಮ್ಮನಿಗೆಂದು ಕಾಲು ಕಿಲೋ ವಾಟೆಹುಳಿ ಒಯ್ದಿದ್ದೆ. ಎಲ್ಲ ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೂ ಇದ್ದೆ. ಊಟಕ್ಕೆ ಕೂತೆವು. ಮಗನ ಎಲೆಗೆ, ಹೆಂಡತಿಯ ಎಲೆಗೆ ಹುಣಸೆ ಸಾರು ಬಿತ್ತು. ಬಿಸಿಬಿಸಿ, ಒಂದೇ ಕುದಿಯದ್ದು. ಅದರ ಪರಿಮಳ ನನ್ನವರೆಗೂ ಬಂತು. ಅಮ್ಮ ಒಳಗೆ ಹೋಗಿ, ಕಿವಿ ಮುರಿದ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ತಂದಳು. ಬಗ್ಗಿ ನನ್ನ ಅನ್ನಕ್ಕೆ ಎರಡು ಸೌಟು ಬಿಟ್ಟಳು. ಅವಳ ಮಂಡಿ ನೋವು ಈಗ ಜಾಸ್ತಿಯಾಗಿದೆ, ಬಗ್ಗಲು ಕಷ್ಟ.

“ಸರಿ ಇದೆಯಾ? ಹುಳಿ ಒಂದು ಚೂರೂ ಬಿದ್ದಿಲ್ಲ ನೋಡು.”

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ತುತ್ತು ಕಲೆಸಿ ಬಾಯಿಗಿಟ್ಟೆ. ಬೇಳೆ ತೊಳೆದ ನೀರು.

“ಅಡ್ಡಿಲ್ಲ ಅಮ್ಮ” ಎಂದೆ.